ಮಾಸ್ತರರ ಹೊಟ್ಟೆಯ ಮೇಲಿನ ತಂಬಿಗೆ

ಅಮೋಘಸಿದ್ಧ ಮಾಸ್ತರರ ಹೊಟ್ಟೆ ಕೆಟ್ಟದ್ದಕ್ಕೆ ಶೇಂಗಾ ಹೋಳಿಗೆ ಕಾರಣವೋ, ಅದರ ಮೇಲೆ ಸುರಿದುಕೊಂಡ ತುಪ್ಪ ಕಾರಣವೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಪಕ್ಕದ ಮನೆಯ ಹನಮವ್ವ ಹಿಂದಿನ ಸಂಜೆ ತಟ್ಟೆ ತುಂಬ ಕಳಿಸಿದ್ದಳು. ಮದುವೆಯಾಗದ ಒಂಟಿ ಜೀವ, ನಾಳೆಗೆಂದು ಎತ್ತಿಡುವ ಬುದ್ಧಿ ಬರಲಿಲ್ಲ. ಬೆಳಿಗ್ಗೆ ಎದ್ದರೆ ಹೊಟ್ಟೆಯೊಳಗೆ ಯಾರೋ ಕೂತು ಹಗ್ಗ ಹೊಸೆಯುತ್ತಿರುವಂಥ ನೋವು.

ಬೇರೆ ದಿನವಾಗಿದ್ದರೆ ರಜೆ ಚೀಟಿ ಬರೆದು ಮಲಗಿಬಿಡುತ್ತಿದ್ದರು. ಆದರೆ ಅವತ್ತು ಮಧ್ಯಾಹ್ನ ವಿಜ್ಞಾನದ ಇನ್‌ಸ್ಪೆಕ್ಟರ್ ಸಾಹೇಬರು ಪಾಠ ನೋಡಲು ಬರುವವರಿದ್ದರು. ತಾಳಿಕೋಟೆಯಿಂದ ಮುದ್ದೇಬಿಹಾಳದ ಬಸ್ಸು ಹತ್ತಿ, ನಡುವೆ ಇಳಿದು, ಮುಂದೆ ಕಾಲ್ನಡಿಗೆಯಲ್ಲಿ ಸೇರಬೇಕಾದ ಆ ಊರಿನ ಹೈಸ್ಕೂಲಿಗೆ ಮಾಸ್ತರರು ಬಂದು ಎರಡು ವರ್ಷವಾಗಿತ್ತು. ಸಾಹೇಬರು ಒಳ್ಳೆಯ ವರದಿ ಬರೆದರೆ ನೌಕರಿ ಕಾಯಂ. ಇಲ್ಲದಿದ್ದರೆ ತಮ್ಮೂರು ಹೊರ್ತಿಗೆ ಹೋಗಿ ಅಪ್ಪನ ಕುರಿ ಕಾಯಬೇಕು. ಕುರಿ ಕಾಯುವುದೇನೂ ಕೀಳು ಕೆಲಸವಲ್ಲ, ಆದರೆ ಮಾಸ್ತರರಿಗೆ ಅದು ಕೂಡ ಬರುತ್ತಿರಲಿಲ್ಲ.

ಹೊಟ್ಟೆನೋವಿಗಿಂತ ದೊಡ್ಡ ತಾಪತ್ರಯ ಇನ್ನೊಂದಿತ್ತು. ಆ ಕಡೆಯ ಜನರ ಪ್ರಕಾರ ಹೊಕ್ಕಳ ಹಿಂದೆ ‘ಬಟ್ಟಿ’ ಎಂಬುದೊಂದಿದೆ. ಭಾರ ಎತ್ತಿದರೆ, ಎಡವಿದರೆ, ಅದು ಜಾಗ ಬಿಟ್ಟು ಸರಿಯುತ್ತದೆ, ಹೊಟ್ಟೆ ನೋಯುತ್ತದೆ. ಆಗ ಓಣಿಯ ಲಕ್ಕವ್ವ ಬಂದು ಹೊಕ್ಕಳ ಮೇಲೆ ದೀಪ ಹಚ್ಚಿಟ್ಟು, ಲೋಟ ಬೋರಲು ಹಾಕಿ, ಅದನ್ನು ಎಳೆದು ಜಾಗಕ್ಕೆ ಕೂರಿಸುತ್ತಾಳೆ. ಅದೇ ವಾರ ಪಚನಾಂಗಗಳ ಪಾಠದಲ್ಲಿ ಮಾಸ್ತರರು ಜಠರ, ಯಕೃತ್ತು, ಕರುಳು ಎಲ್ಲ ಬಣ್ಣಬಣ್ಣದಲ್ಲಿ ಬರೆದು ಮುಗಿಸಿದಾಗ, ಕಾವೇರಿ ಎಂಬ ಹುಡುಗಿ ಎದ್ದು, ಇದರಲ್ಲಿ ಬಟ್ಟಿ ಎಲ್ಲಿದೆ ಎಂದು ಕೇಳಿದ್ದಳು. ಮಾಸ್ತರರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

“ಬಟ್ಟಿ ಅನ್ನೂದು ಮನಷ್ಯಾನ ಮೈಯಾಗ ಇಲ್ಲ. ದೀಪ ಹಚ್ಚಾವ್ರಿಗೂ ಬುದ್ಧಿ ಇಲ್ಲ, ಹಚ್ಚಿಸ್ಕೊಳ್ಳಾವ್ರಿಗೂ ಬುದ್ಧಿ ಇಲ್ಲ” ಎಂದಿದ್ದರು. ಮಕ್ಕಳು ಪಾಠ ಮರೆತರೂ ಈ ಮಾತನ್ನು ಮರೆಯದೆ ಸಂಜೆಯೊಳಗೆ ಲಕ್ಕವ್ವನಿಗೆ ತಲುಪಿಸಿದ್ದರು.

ಈಗ ಮಾಸ್ತರರು ಮುಲುಕಿದ್ದು ಗೋಡೆಯಾಚೆ ಹನಮವ್ವನಿಗೆ ಕೇಳಿಸಿತು. ಅವಳು ಬಂದಳು, ನೋಡಿದಳು, ಬಟ್ಟಿ ಸರಿದಿದೆ ಎಂದು ತೀರ್ಪು ಕೊಟ್ಟಳು. ಇದು ಬರೀ ವಾಯು ಎಂದು ಮಾಸ್ತರರು ವಾದಿಸಿದರು. ಮನೆಯ ಮಾಲೀಕ ಗುರಪ್ಪ ಬಂದು ಸೋಡಾ ಕುಡಿಸಿದ. ಇನ್ನೊಬ್ಬ ಬಂದು ಕಾಲಿನ ಹೆಬ್ಬೆರಳು ಎಳೆದ. ಬಂದವರಿಗೆಲ್ಲ ಆ ಪುಟ್ಟ ಕೋಣೆಯಲ್ಲಿ ಜಾಗ ಸಾಲದೆ, ಗುರಪ್ಪ ಮೂಲೆಯಲ್ಲಿದ್ದ ಏನನ್ನೋ ಸರಿಯಾಗಿ ನೋಡದೆ ಅದರ ಮೇಲೆ ಕೂತ. ಅದು ಮಾಸ್ತರರು ಅವತ್ತಿನ ಪಾಠಕ್ಕೆಂದು ಪ್ಲಾಸ್ಟಿಕ್ ಬಾಟಲಿ, ಬಲೂನು ಸೇರಿಸಿ ಮಾಡಿದ್ದ ಶ್ವಾಸಕೋಶದ ಮಾದರಿ, ಕೂತದ್ದೇ ಅಪ್ಪಚ್ಚಿಯಾಯಿತು. ಕಡಿಮೆ ಖರ್ಚಿನ ಪಾಠೋಪಕರಣ ಎಂದರೆ ಆ ಕಾಲದ ಸಾಹೇಬರುಗಳಿಗೆಲ್ಲ ಪ್ರಾಣ. ಅದಿಲ್ಲದೆ ಪಾಠ ಮಾಡುವುದೆಂದರೆ ವರದಿಯ ಆಸೆ ಬಿಟ್ಟಂತೆಯೇ.

ಹೊತ್ತು ನೆತ್ತಿಗೇರಿತು. ಮಾಸ್ತರರು ಎದ್ದು ನಿಂತರೆ ಕುಡುಗೋಲಿನಂತೆ ಬಾಗುತ್ತಿದ್ದರು. ಹೀಗೆ ಬಾಗಿಕೊಂಡು ಯಾವ ಬೋರ್ಡಿನ ಮೇಲೆ ಬರೆಯುವುದು? ಕೊನೆಗೆ ಮುಖ ಗೋಡೆಯ ಕಡೆ ತಿರುಗಿಸಿ, ಬಾಗಿಲು ಹಾಕಿಕೊಂಡು ಯಾರಿಗೂ ತಿಳಿಯದಂತೆ ಮಾಡುವುದಾದರೆ ಲಕ್ಕವ್ವ ಬರಲಿ ಎಂದರು. ಲಕ್ಕವ್ವ ಬಂದಳು. ಅವಳ ಹಿಂದೆ ಅರ್ಧ ಓಣಿ ಬಂತು.

“ಇಲ್ಲದ ಬಟ್ಟಿ ಹೆಂಗ ಸರೀತ್ರಿ, ಮಾಸ್ತರ್ರ?” ಎಂದು ಅವಳು ಬಹಳ ಮೆತ್ತಗೆ ಕೇಳಿದಳು. ಮಾಸ್ತರರು ಅಂಗಿ ಮೇಲೆತ್ತಿ ಚಾಪೆಯ ಮೇಲೆ ಅಂಗಾತ ಮಲಗಿದರು.

ಲಕ್ಕವ್ವ ಜೋಳದ ಹಿಟ್ಟು ಕಲಸಿ ಪುಟ್ಟ ಹಣತೆ ಮಾಡಿ, ಎಣ್ಣೆಬತ್ತಿ ಇಟ್ಟು, ಮಾಸ್ತರರ ಹೊಕ್ಕಳ ಮೇಲೆ ಕೂರಿಸಿ ಹಚ್ಚಿದಳು. ನೌಕರಿಯವರ ಹೊಟ್ಟೆಗೆ ಅವಳ ಗಾಜಿನ ಲೋಟ ಸಾಲುವಂತಿರಲಿಲ್ಲ. ಹನಮವ್ವ ಓಡಿಹೋಗಿ ತನ್ನ ತವರಿನ ಹಿತ್ತಾಳೆ ತಂಬಿಗೆ ತಂದಳು. ಅದನ್ನು ಬೋರಲು ಹಾಕಿದ್ದೇ ದೀಪ ಆರಿತು, ತಂಬಿಗೆ ಹೊಟ್ಟೆಯನ್ನು ಗಟ್ಟಿಯಾಗಿ ಕಚ್ಚಿಕೊಂಡಿತು. ಸ್ವಲ್ಪ ಹೊತ್ತಿಗೆ ನೋವು ಇಳಿಯಿತು. ವಾಯು ತಾನಾಗಿಯೇ ಹೋಯಿತೆಂದು ಮಾಸ್ತರರು ಇವತ್ತಿಗೂ ಸಾಧಿಸುತ್ತಾರೆ.

ನೋವು ಹೋಯಿತು, ತಂಬಿಗೆ ಹೋಗಲಿಲ್ಲ. ಲಕ್ಕವ್ವ ಜಗ್ಗಿದರೆ ಚಾಪೆಯಿಂದ ಮಾಸ್ತರರೇ ಮೇಲೇಳುತ್ತಿದ್ದರು. ಬಟ್ಟಿ ಜಾಗಕ್ಕೆ ಕೂತ ಮೇಲೆ ಅದು ತಾನಾಗಿಯೇ ಬಿಡುತ್ತದೆ, ಅವಸರ ಮಾಡಬಾರದು ಎಂದು ಹೇಳಿ ಅವಳು ಎಲೆಅಡಿಕೆ ಹಾಕಿಕೊಂಡಳು. ಒಳಗಿನ ಗಾಳಿ ಕಾದು ಹೊರಗೆ ಹೋಗಿದೆ, ಉಳಿದದ್ದು ತಣಿದು ಒತ್ತಡ ಕುಗ್ಗಿದೆ, ಹೊರಗಿನ ವಾಯು ತಂಬಿಗೆಯನ್ನು ಒತ್ತಿ ಹಿಡಿದಿದೆ ಎಂಬುದು ಮಾಸ್ತರರಿಗೆ ಚೆನ್ನಾಗಿ ಗೊತ್ತಿತ್ತು. ಎಂಟನೆಯ ಇಯತ್ತೆಗೆ ಅದನ್ನು ಪಾಠ ಮಾಡಿದ್ದರು. ತೆಗೆಯುವುದು ಹೇಗೆ ಎಂಬುದು ಮಾತ್ರ ಪುಸ್ತಕದಲ್ಲಿ ಇರಲಿಲ್ಲ.

ಅಷ್ಟರಲ್ಲಿ ಶಾಲೆಯ ಜವಾನ ರೇವಪ್ಪ ಏದುಸಿರು ಬಿಡುತ್ತ ಬಂದು, ಸಾಹೇಬರ ಜೀಪು ಬಂದಿದೆ, ಹೆಡ್‌ಮಿಸ್ಟ್ರೆಸ್ ವಿದ್ಯಾವತಿ ಬಾಯಾರು ಬೆಂಕಿಯಾಗಿದ್ದಾರೆ ಎಂದ. ಹನಮವ್ವನ ಗಂಡನ ದೊಗಳೆ ನೆಹರು ಶರ್ಟು ತೊಟ್ಟು, ತುಂಬು ಬಸುರಿಯಂತೆ ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡು ಮಾಸ್ತರರು ಹೊರಟರು. ತವರಿನ ತಂಬಿಗೆಯನ್ನು ಕಣ್ಣಿಂದ ಮರೆಯಾಗಲು ಬಿಡದ ಹನಮವ್ವ ಹಿಂದೆಯೇ ಬಂದು ತರಗತಿಯ ಕಿಟಕಿಯ ಹೊರಗೆ ನಿಂತಳು.

ಸಾಹೇಬರು ಹಿಂದಿನ ಬೆಂಚಿನಲ್ಲಿ ಬಾಯಾರ ಪಕ್ಕ ಪೆನ್ನು ಬಿಚ್ಚಿ ಕೂತಿದ್ದರು. ಪಾಠ ಉಸಿರಾಟದ್ದು. ಮಾಸ್ತರರು ಬೋರ್ಡಿಗೆ ತಿರುಗಿ ಶ್ವಾಸಕೋಶದ ಚಿತ್ರ ಬರೆಯಹೋದರೆ ಹೊಟ್ಟೆ ಬೋರ್ಡಿಗೆ ಬಡಿದು ಠಣ್ ಎಂದಿತು. ಮಕ್ಕಳು ಒಬ್ಬರನ್ನೊಬ್ಬರು ನೋಡಿಕೊಂಡರು. ಟೇಬಲ್ಲಿನ ಹಿಂದೆ ಅಡಗೋಣವೆಂದು ಹೋದರೆ ಅಲ್ಲಿಯೂ ಠಣ್. ಪಾಠೋಪಕರಣ ಎಲ್ಲಿ ಎಂದು ಸಾಹೇಬರು ಕೇಳಿದರು. ಮಾಸ್ತರರು ಕೇಳಿಸದವರಂತೆ, ಎದೆಗೂಡಿನ ಕೆಳಗೆ ವಪೆ ಎಂಬ ಪೊರೆ ಇದೆ, ಉಸಿರು ಒಳಗೆ ತೆಗೆದುಕೊಂಡಾಗ ಅದು ಕೆಳಗಿಳಿದು ಹೊಟ್ಟೆಯನ್ನು ಮುಂದೆ ತಳ್ಳುತ್ತದೆ ಎಂದು ಒಂದೇ ಸಮನೆ ಹೇಳತೊಡಗಿದರು. ಭಯಕ್ಕೆ ಅವರ ಉಸಿರು ಜೋರಾಗಿತ್ತು. ಉಸಿರಿಗೊಮ್ಮೆ ನೆಹರು ಶರ್ಟಿನ ಒಳಗೆ ಏನೋ ಏಳುತ್ತಿತ್ತು, ಇಳಿಯುತ್ತಿತ್ತು.

ಸಾಹೇಬರು ಪೆನ್ನು ಮುಚ್ಚಿ ಎದ್ದು ಬಂದರು. ಮಾಸ್ತರರು ಗೋಡೆಗೆ ಒರಗಿದರು. ಆಗ ಕಿಟಕಿಯಿಂದ ಹನಮವ್ವ ಹೇಳಿದಳು:

“ಸಾಹೇಬ್ರ, ತಂಬಿಗಿ ಜ್ವಾಕಿರಿ. ನಮ್ಮ ತವರಮನೀದು.”

ಸಾಹೇಬರು ಶರ್ಟು ಎತ್ತಿದರು. ಮಾಸ್ತರರು ಕಣ್ಣು ಮುಚ್ಚಿಕೊಂಡರು. ನೌಕರಿ ಹೋಯಿತು, ಮರ್ಯಾದೆ ಅದಕ್ಕಿಂತ ಮೊದಲೇ ಹೋಗಿತ್ತು. ಸಾಹೇಬರು ತಂಬಿಗೆಯನ್ನು ಮುಟ್ಟಿದರು, ಎಳೆದರು, ಅದು ಬರಲಿಲ್ಲ. ಉಸಿರು ಎಳೆದುಕೊಳ್ಳಲು ಹೇಳಿದರು, ಬಿಡಲು ಹೇಳಿದರು. ತಂಬಿಗೆ ಮುಂದೆ ಬಂತು, ಹಿಂದೆ ಸರಿಯಿತು. ಕಡೆಗೆ ಅಂಚಿನ ಬಳಿ ಚರ್ಮವನ್ನು ಬೆರಳಿನಿಂದ ಒತ್ತಿದರು. ಸುಯ್ಯೆಂದು ಗಾಳಿ ಒಳಹೊಕ್ಕು ತಂಬಿಗೆ ಅವರ ಕೈಗೆ ಬಿತ್ತು. ಮಾಸ್ತರರ ಹೊಟ್ಟೆಯ ಮೇಲೆ ತಂಬಿಗೆಯ ಬಾಯಿಯಷ್ಟು ದೊಡ್ಡ ಕೆಂಪು ವೃತ್ತ ಉಳಿಯಿತು.

“ಮೂವತ್ತು ವರ್ಷದ ಸರ್ವಿಸಿನ್ಯಾಗ ಇಂಥಾದ್ದು ನೋಡಿಲ್ಲ, ಬಾಯಾರ” ಎಂದು ಸಾಹೇಬರು ವಿದ್ಯಾವತಿ ಬಾಯಾರ ಕಡೆ ತಿರುಗಿದರು. “ವಪೆ ಹೆಂಗ ಕೆಲಸ ಮಾಡ್ತೈತಿ, ವಾಯುವಿನ ಒತ್ತಡ ಅಂದ್ರೇನು, ಎರಡೂ ಒಂದ ತಂಬಿಗ್ಯಾಗ. ಅದೂ ತಮ್ಮ ಮೈಮ್ಯಾಲ.”

ಮಾಸ್ತರರಿಗೆ ಅಳು ಬಂತು. ಅದನ್ನು ವಿನಯವೆಂದು ತಿಳಿದು ಸಾಹೇಬರು ಬೆನ್ನು ತಟ್ಟಿದರು. ಆ ಸಂಜೆ ಮಾಸ್ತರರು ಬರೀ ಗಂಜಿ ಕುಡಿದು, ಕಾಯಂ ನೌಕರನಂತೆ ಕಾಲು ಚಾಚಿ ಮಲಗಿದರು.

ವಾರದೊಳಗೆ ಆದೇಶ ಬಂತು. ವಿಜ್ಞಾನ ಶಿಕ್ಷಕರ ತರಬೇತಿಯಲ್ಲಿ ಅಮೋಘಸಿದ್ಧ ಮಾಸ್ತರರು ತಾವೇ ಕಂಡುಹಿಡಿದ ಪಾಠೋಪಕರಣವನ್ನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಪ್ರದರ್ಶಿಸಬೇಕು. ಕಾಯಂ ಮಾಡುವ ವಿಚಾರ ಆಮೇಲೆ.

ಮಾಸ್ತರರು ಬಾಗಿಲು ಹಾಕಿಕೊಂಡು ಹೊಕ್ಕಳ ಮೇಲೆ ತಾವೇ ದೀಪ ಹಚ್ಚಿ ನೋಡಿದರು. ಹೊಟ್ಟೆಯ ಕೂದಲು ಸುಟ್ಟಿತೇ ಹೊರತು ತಂಬಿಗೆ ನಿಲ್ಲಲಿಲ್ಲ. ವಿಧಿಯಿಲ್ಲದೆ ಲಕ್ಕವ್ವನ ಕಟ್ಟೆಗೆ ಹೋದರು. ಶಾಲೆ ಬಿಟ್ಟ ಹೊತ್ತು, ಕಾವೇರಿಯೂ ಅವಳ ಗೆಳತಿಯರೂ ಅಲ್ಲೇ ಕೂತಿದ್ದರು. ಜೊತೆಗೆ ಬಂದು ನಾಲ್ಕು ಊರಲ್ಲಿ ದೀಪ ಹಚ್ಚಿಕೊಡಬೇಕೆಂದು ಮಾಸ್ತರರು ತಗ್ಗಿದ ದನಿಯಲ್ಲಿ ಕೇಳಿದರು.

ಲಕ್ಕವ್ವ ತಲೆಯಾಡಿಸಿದಳು. “ಸುಮ್‌ಸುಮ್ನ ದೀಪ ಹಚ್ಚಿದ್ರ ನನ್ನ ಕೈಗುಣ ಹೋಗ್ತೈತ್ರಿ. ಬಟ್ಟಿ ಸರಿದಿದ್ರ ಬರ್ತೇನಿ. ಸರಿದೈತೇನು?”

ಮಾಸ್ತರರು ಹುಡುಗಿಯರ ಕಡೆ ನೋಡಿದರು. ಹುಡುಗಿಯರು ಮಾಸ್ತರರ ಬಾಯಿಯನ್ನೇ ನೋಡುತ್ತಿದ್ದರು.

“ಸರಿದೈತಿ ಬೇ ಯವ್ವಾ” ಎಂದರು ಮಾಸ್ತರರು. “ನಾಕೂ ತಾಲೂಕಿಗೆ ಸಾಲೂವಷ್ಟು ಸರಿದೈತಿ.”