ಚೆಕ್‌ಪೋಸ್ಟಿನಲ್ಲಿ ಮಹಾಗನಿ

ಗಡಿಯಾಚೆಯ ನಮ್ಮ ಕಾಟ್ಟಿಕುಳಂನಿಂದ ಮೈಸೂರಿಗೆ ಬಸ್ಸಿನಲ್ಲಿ ಒಂದು ಗಿಟಾರ್ ಒಯ್ಯುವುದು ಅದೇನು ಮಹಾ ಕೆಲಸ? ಶುಂಠಿ, ಕಾಳುಮೆಣಸು, ಕಾಫಿ ಬೀಜ, ಒಮ್ಮೆ ಭಾವನ ಮನೆಗೆಂದು ಒಂದು ಜೀವಂತ ಹುಂಜ, ಇಷ್ಟನ್ನೂ ಗಡಿ ದಾಟಿಸಿದ ವ್ಯಾಪಾರಿ ನಾನು! "ನನಗೆ ಬಿಡಿ, ನಾನಿದ್ದೀನಲ್ಲ" ಅಂದೆ. ಈ ಮಾತು ನನ್ನ ಬಾಯಿಂದ ಬಂದಾಗಲೆಲ್ಲ ನನ್ನ ಹೆಂಡತಿ ಜಯಂತಿ ದೇವರ ಪಟದ ಕಡೆ ನೋಡುತ್ತಾಳೆ. ಅವತ್ತೂ ನೋಡಿದಳು.

ಗಿಟಾರ್ ಪಕ್ಕದ ಮನೆಯ ವರ್ಕಿ ಚೇಟ್ಟನ್, ಅಂದರೆ ವರ್ಕಿ ಅಣ್ಣ, ಅವರದು, ಅವರ ಅಪ್ಪನ ಕಾಲದ್ದು. ನನ್ನ ಮಗಳು ಸೌಮ್ಯ ಚಿಕ್ಕಂದಿನಿಂದ ಅವರ ಜಗಲಿಯಲ್ಲಿ ಕೂತು ಅದರಲ್ಲೇ ಕಲಿತವಳು. ಈಗ ಮೈಸೂರಿನಲ್ಲಿ ಬಿ.ಎಡ್. ಓದುತ್ತಿದ್ದಾಳೆ. ಅವತ್ತು ಸಂಜೆ ಕಾಲೇಜಿನ ವೇದಿಕೆಯಲ್ಲಿ ಮೊದಲ ಸಲ ನುಡಿಸುವವಳಿದ್ದಳು. ಚೇಟ್ಟನಿಗೆ ಈಗ ಬೆರಳು ನಡುಗುತ್ತವೆ, ಅಷ್ಟು ದೂರದ ಪ್ರಯಾಣವೂ ಆಗದು.

"ಇನ್ನು ಇದು ಅವಳದೇ. ಅವಳು ವೇದಿಕೆ ಮೇಲೆ ಇದನ್ನು ಹಿಡಿದು ಕೂತದ್ದನ್ನು ಫೋನಿನಲ್ಲಿ ಒಂದು ಸಲ ನನಗೆ ತೋರಿಸು ಪುಟ್ಟಸ್ವಾಮೀ. ಮತ್ತೇನೂ ಬೇಡ" ಅಂದರು.

ಕೊಡುವ ಮುಂಚೆ ಬಿರಡೆಗಳನ್ನು ಒಂದಿಷ್ಟು ತಿರುಪಿ, ಹೆಬ್ಬೆರಳಿನಿಂದ ಒಮ್ಮೆ ಎಲ್ಲ ತಂತಿಗಳನ್ನೂ ಸವರಿದರು. ಅಬ್ಬಬ್ಬಾ! ಇಷ್ಟು ವರ್ಷ ಬೇಲಿಯಾಚೆಯಿಂದ ಕೇಳಿದ್ದೆ, ಎದುರು ನಿಂತು ಕೇಳಿದ್ದು ಅದೇ ಮೊದಲು. ಮೈಯೆಲ್ಲ ಜುಮ್ಮೆಂದಿತು. ತೋಳು ಒರಗುವ ಕಡೆ ಬಣ್ಣವೆಲ್ಲ ಹೋಗಿ ಬರೀ ಮರ ಕಾಣುತ್ತಿತ್ತು. ಗಿಟಾರಿನ ಕತ್ತಿನ ಮೇಲೆ ಬೆರಳೂರಿ ಊರಿ ಸಣ್ಣ ಸಣ್ಣ ಗುಳಿ ಬಿದ್ದಿದ್ದವು. ಅಪ್ಪ, ಮಗ ಇಬ್ಬರ ಆಯುಷ್ಯವೂ ಆ ಗುಳಿಗಳಲ್ಲಿತ್ತು. ನಾನು ಬಾಯಿ ತೆರೆದು ನಿಂತಿದ್ದೆ.

"ಮಹಾಗನಿ, ಮೋನೇ. ಈ ಮರ ಹಳೇದಾದಷ್ಟೂ ದನಿ ಬಿಚ್ಚುತ್ತೆ" ಅಂದರು, ಮಗನಿಗೆ ಹೇಳುವ ಹಾಗೆ.

ಮಹಾಗನಿ! ಆ ಪದ ನೇರವಾಗಿ ನನ್ನ ತಲೆಗೇರಿತು.

ಗಿಟಾರಿನ ಪೆಟ್ಟಿಗೆಯನ್ನು ಗೆದ್ದಲು ಯಾವತ್ತೋ ಮುಗಿಸಿತ್ತು. ಆದರೇನು? ಕಟ್ಟುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಯಾರು! ಸುತ್ತಲೂ ಭತ್ತದ ಹುಲ್ಲು, ನಡುವಿನ ತೂತಿನೊಳಗೂ ಒಂದಷ್ಟು ಹುಲ್ಲು, ಅದರ ಮೇಲೆ ಮೆಣಸಿನ ಗೋಣಿ, ಗೋಣಿಯ ಮೇಲೆ ಹಗ್ಗ. ಎದೆಯುಬ್ಬಿಸಿಕೊಂಡು ಹೆಗಲಿಗೇರಿಸಿದೆ.

"ರೀ, ಯಾವ ಕಾಡು ಕಡಿದು ಬಂದ್ರಿ?" ಅಂದಳು ಜಯಂತಿ.

ಹೆಂಗಸಿಗೆ ಪ್ಯಾಕಿಂಗಿನ ಮರ್ಮ ಏನು ಗೊತ್ತು ಅಂದುಕೊಂಡು ಬಸ್ಸು ಹತ್ತಿದೆ.

ಹೊಳೆ ದಾಟಿದರೆ ಕರ್ನಾಟಕ. ಅಲ್ಲಿ ಅರಣ್ಯ ಇಲಾಖೆಯ ಚೆಕ್‌ಪೋಸ್ಟ್. ಇಲ್ಲಿ ನನ್ನ ಸಂಕಟ ಓದುಗರು ಸ್ವಲ್ಪ ಅರ್ಥ ಮಾಡಿಕೊಳ್ಳಬೇಕು. ನಮ್ಮ ಕಡೆ ಶಾಲೆ, ಆಫೀಸು, ಆಸ್ಪತ್ರೆ ಎಲ್ಲ ಮಲಯಾಳಂ. ಕನ್ನಡ ಏನಿದ್ದರೂ ಅಡುಗೆಮನೆಯಲ್ಲಿ, ಅದೂ ಬೈಸಿಕೊಳ್ಳುವಾಗ. ಅಂಥವನ ಎದುರು ಖಾಕಿ ತೊಟ್ಟ ಗಾರ್ಡ್ ಒಬ್ಬರು ಬಸ್ಸು ಹತ್ತಿ, "ಏನ್ ಯಜಮಾನ್ರೇ, ಗೋಣೀಲಿ ಏನಿದೆ?" ಅಂತ ಅಚ್ಚಕನ್ನಡದಲ್ಲಿ ಕೇಳಿದರೆ ಏನಾಗಬೇಡ! ಸಂತೋಷಕ್ಕೆ ನಾಲಿಗೆಯ ಲಗಾಮು ಕಿತ್ತುಹೋಯಿತು.

'ಗಿಟಾರ್' ಅಂದಿದ್ದರೆ ಮುಗಿದುಹೋಗುತ್ತಿತ್ತು.

"ಮಹಾಗನಿ ಸಾರ್!" ಅಂದೆ.

ಮುಂದಕ್ಕೆ ಹೊರಟಿದ್ದ ಗಾರ್ಡ್ ಗಕ್ಕನೆ ನಿಂತರು. "ಏನಂದ್ರಿ?"

"ಅಪ್ಪಟ ಮಹಾಗನಿ! ಎಂಥಾ ಹಳೇ ಮರ ಅಂತೀರಿ! ದುಡ್ಡು ಕೊಟ್ರೂ ಈಗ ಇಂಥದು ಸಿಗಲ್ಲ. ಮಗಳಿಗೆ ಅಂತ ಮೈಸೂರಿಗೆ ಸಾಗಿಸ್ತಾ ಇದೀನಿ."

"ಪಾಸ್ ಎಲ್ಲಿ?"

"ಯಾವ ಪಾಸು ಸಾರ್?"

"ಮರ ಸಾಗಿಸೋಕೆ ಪಾಸ್ ಬೇಡ್ವೇನ್ರೀ? ಇಳೀರಿ ಕೆಳಗೆ!"

ಪಕ್ಕದಲ್ಲಿ ಕೂತಿದ್ದ ಮನುಷ್ಯ, ಅಲ್ಲಿಯವರೆಗೆ ನನ್ನ ವೀಳ್ಯದೆಲೆ ಹಾಕಿಕೊಂಡು ನಗುತ್ತಿದ್ದವನು, ನನ್ನನ್ನು ಜನ್ಮದಲ್ಲೇ ಕಂಡಿಲ್ಲ ಅನ್ನುವ ಹಾಗೆ ಕಿಟಕಿಯ ಕಡೆ ತಿರುಗಿದ. ಕೆಳಗಿಳಿದು ಹಗ್ಗ ಬಿಚ್ಚಿದೆ. ಗೋಣಿ ಬಿಚ್ಚಿದೆ. ಹುಲ್ಲು ಗಾರ್ಡಿನ ಬೂಟಿನ ಮೇಲೆ ಸುರಿಯಿತು. ಕಡೆಗೆ ಗಿಟಾರ್ ಹೊರಗೆ ಬಂತು.

"ಇದು ಗಿಟಾರಲ್ವೇನ್ರೀ! ಮರ ಅಂದ್ರಿ?"

"ಮರದ್ದೇ ಸಾರ್."

ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಅದನ್ನು ನೋಡಿದರು. "ಇದು ನಿಮ್ಮದೇನಾ? ಎಲ್ಲಿ, ಸ್ವಲ್ಪ ನುಡಿಸಿ."

ಬರುವುದಿಲ್ಲ ಅನ್ನಬಹುದಿತ್ತು. ಆದರೆ ಬಸ್ಸಿನ ಪ್ರತಿ ಕಿಟಕಿಯಲ್ಲೂ ತಲೆಗಳು! ಮರ್ಯಾದೆ ಪ್ರಶ್ನೆ. "ಮೊದಲು ಶ್ರುತಿ ಮಾಡ್ಕೋಬೇಕು ಸಾರ್" ಎಂದು ಗಂಭೀರವಾಗಿ ಹೇಳಿ, ವರ್ಕಿ ಚೇಟ್ಟನ್ ಮಾಡಿದಂತೆಯೇ ಕಣ್ಣು ಅರೆಮುಚ್ಚಿ ಒಂದು ಬಿರಡೆ ತಿರುಪಿದೆ. ಏನೂ ಆಗಲಿಲ್ಲ. ಇನ್ನಷ್ಟು ತಿರುಪಿದೆ. ತಲೆದೂಗಿ ಮತ್ತಷ್ಟು ತಿರುಪಿದೆ.

ಟಪ್!

ತಂತಿ ಹಾರಿ ಗದ್ದಕ್ಕೆ ಚುರ್ರೆಂದು ಬಾರಿಸಿತು. ಗಾರ್ಡ್ ಹಿಂದಕ್ಕೆ ಸರಿದರು.

"ಸಾಕು ಯಜಮಾನ್ರೇ, ಹತ್ತಿ ಬಸ್ಸು. ವಾದ್ಯ ಅಂತ ಗೊತ್ತಾಯ್ತು. ನಿಮ್ಮದಲ್ಲ ಅಂತಾನೂ ಗೊತ್ತಾಯ್ತು."

ಅಲ್ಲಿಂದ ಮೈಸೂರಿನವರೆಗೆ ಗಿಟಾರನ್ನು ಬಾಣಂತಿ ಮಗುವನ್ನು ಹಿಡಿದ ಹಾಗೆ ಮಡಿಲಲ್ಲಿ ಹಿಡಿದು ಕೂತಿದ್ದೆ. ದಾರಿಯ ಬದಿ ಆನೆ ನಿಂತಿದೆ ಎಂದು ಬಸ್ಸೆಲ್ಲ ಎದ್ದು ನೋಡಿತು. ನಾನು ನೋಡಿದ್ದು ಸುರುಳಿಯಾಗಿ ನೇತಾಡುತ್ತಿದ್ದ ಆ ತಂತಿಯನ್ನೇ. ಅವರ ಅಪ್ಪ ಕಾಪಾಡಿದ್ದು, ಅವರು ಕಾಪಾಡಿದ್ದು. ನಾನು ಅರ್ಧ ದಿನವೂ ಕಾಪಾಡಲಿಲ್ಲವಲ್ಲ! ಮಗಳಿಗೆ ಏನು ಹೇಳಲಿ? ಚೇಟ್ಟನಿಗೆ ಯಾವ ಮುಖ ತೋರಿಸಲಿ?

ಬಸ್ ನಿಲ್ದಾಣದಲ್ಲಿ ಸೌಮ್ಯ ಕಾಯುತ್ತಿದ್ದಳು. ಗಿಟಾರ್ ಇಸಿದುಕೊಂಡು ಒಳಗೆ ಇಣುಕಿದಳು.

"ಅಪ್ಪಾ, ಇದೇನು ಒಳಗೆಲ್ಲ ಹುಲ್ಲು?"

"ಒಳಗಿಂದಲೂ ಪೆಟ್ಟಾಗಬಾರದಲ್ಲ ಮಗಳೇ" ಅಂದೆ. ಆಮೇಲೆ ತಂತಿಯ ಕಥೆಯನ್ನು ತೊದಲುತ್ತ ಒಪ್ಪಿಸಿದೆ.

"ಅಯ್ಯೋ, ತಂತಿ ತಾನೇ? ಹೋಗ್ತಾ ಇರುತ್ತಪ್ಪ. ಬ್ಯಾಗಲ್ಲಿ ಇನ್ನೊಂದಿದೆ."

ದಾರಿಯುದ್ದಕ್ಕೂ ನಾನು ಸೂತಕ ಆಚರಿಸಿದ್ದು ದಂಡ!

ಸಂಜೆ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಕೂತು ಜಯಂತಿಯ ಫೋನಿಗೆ ವಿಡಿಯೋ ಕರೆ ಹಚ್ಚಿದೆ. ಅವಳು ಆಗಲೇ ಚೇಟ್ಟನ ಜಗಲಿಯಲ್ಲಿದ್ದಳು. ಸಭೆಗೆ ತೊಂದರೆಯಾಗಬಾರದೆಂದು ಅತ್ತಲಿನ ಸದ್ದನ್ನು ಪೂರ್ತಿ ಕುಗ್ಗಿಸಿ, ಫೋನನ್ನು ಎದೆಯ ಮುಂದೆ ನೆಟ್ಟಗೆ ಹಿಡಿದೆ. ಇದೊಂದು ಕೆಲಸವನ್ನಾದರೂ ಕೆಡಿಸಬಾರದು! ಕೈ ಅಲುಗಿಸಲಿಲ್ಲ.

ಸೌಮ್ಯ ಬಂದು ಕೂತಳು. ಆ ಸವೆದ ಜಾಗದ ಮೇಲೆ ಅವಳ ತೋಳು ಒರಗಿತು. ಆ ಗುಳಿಗಳಲ್ಲಿ ಅವಳ ಬೆರಳು ಕೂತವು. ಮೊದಲ ಸ್ವರ ಬಂತು ನೋಡಿ, ಇಡೀ ಸಭೆ ಉಸಿರು ಬಿಗಿಹಿಡಿಯಿತು. ನಾನು ಶುಂಠಿ ಹುಡುಗಿ ಅಂತ ರೇಗಿಸುತ್ತಿದ್ದ ನನ್ನ ಮಗಳೇ ಇವಳು? ಈ ಮರದ ಹೊಟ್ಟೆಯೊಳಗೆ ಇಷ್ಟೊಂದು ಇತ್ತೇ? ನಾನು ಇದಕ್ಕೆ ಹುಲ್ಲು ತುರುಕಿದ್ದೆನೇ? ಕಣ್ಣು ಹರಿಯಿತು, ಮೂಗು ಹರಿಯಿತು. ಒರೆಸಿಕೊಂಡರೆ ಫೋನ್ ಅಲುಗುತ್ತದೆಂದು ಹಾಗೇ ಬಿಟ್ಟೆ.

ಚಪ್ಪಾಳೆ ನಿಂತ ಮೇಲೆ ಹೊರಗೆ ಓಡಿ, ಸದ್ದು ಏರಿಸಿದೆ. "ಚೇಟ್ಟಾ, ನೋಡಿದ್ರಾ?"

"ಕೇಳಿತು ಮೋನೇ" ಅಂದರು. "ಒಂದು ಸ್ವರ ತಪ್ಪದೆ ಕೇಳಿತು. ಅಪ್ಪನೇ ನುಡಿಸಿದ ಹಾಗಾಯ್ತು."

"ಮತ್ತೆ ಸೌಮ್ಯ ಹಿಡಿದು ಕೂತದ್ದು? ಕಂಡಿತಾ?"

"ಅವಳು ಕಾಣಲಿಲ್ಲ. ನೀನು ಕಂಡೆ."

ಫೋನ್ ನೋಡಿದೆ. ಅಯ್ಯೋ ದೇವರೇ! ಕ್ಯಾಮೆರಾ ಶುರುವಿನಿಂದಲೂ ನನ್ನ ಕಡೆಗೇ ತಿರುಗಿತ್ತು!

"ಹೋಗಲಿ ಬಿಡು" ಅಂದರು ಚೇಟ್ಟನ್. "ನಿನ್ನ ಮುಖ ನೋಡುತ್ತಿದ್ದೆನಲ್ಲ. ಅವಳು ಹೇಗೆ ನುಡಿಸುತ್ತಿದ್ದಾಳೆ ಅಂತ ಅದರಲ್ಲೇ ಪೂರ್ತಿ ಕಂಡಿತು."

ನನಗೆ ಮತ್ತೆ ಅಳು ಉಕ್ಕಿ ಬಂತು. ಅಷ್ಟರಲ್ಲಿ ಅತ್ತ ಜಯಂತಿ ಫೋನ್ ಕಿತ್ತುಕೊಂಡಳು.

"ರೀ, ಮೊದಲು ಆ ಮೂಗು ಒರೆಸ್ಕೊಳ್ಳಿ. ಆಗಿನಿಂದ ಕೂಗಿ ಕೂಗಿ ಸಾಕಾಯ್ತು. ಇಲ್ಲಿ ಇಡೀ ಕೇರಿಯೇ ಸೇರಿದೆ!"