ನಕ್ಷೆ ನನ್ನ ಕೈಯಲ್ಲಿತ್ತು

ಕಾರ ಹುಣ್ಣಿಮೆಯ ಮರುದಿನ, ಮೂರನೇ ತರಗತಿಯ ಮಾಸ್ತರರು ಮಗ್ಗಿ ಕೇಳುತ್ತಿದ್ದಾಗ, ನೀರು ಕುಡಿದು ಬರುತ್ತೇನೆಂದು ಹೇಳಿ ಕಂಪ್ಲಿ ಬಿಟ್ಟವನು ನಾನು. ಅಂದಿನಿಂದ ಯಾವ ಊರಲ್ಲಿ ನಿಂತರೂ ಮುಖ ಮುಚ್ಚಿಕೊಳ್ಳುವಂಥ ಪ್ರಸಂಗ ನನ್ನನ್ನು ಹುಡುಕಿಕೊಂಡು ಬರುತ್ತದೆ. ಹೊಸಪೇಟೆಯಲ್ಲಿ ಒಂದೇ ಮನೆ ಕಟ್ಟಿಸುವಾಗ ಮೂರು ಬಂದವು.

ಬಚ್ಚಲ ಬಾಗಿಲು

ಅಕ್ಕಿ ಗಿರಣಿಯ ಸಾಹುಕಾರರು ಮಹಡಿ ಮನೆ ಕಟ್ಟಿಸಲು ಹೊರಟಿದ್ದರು. ಮಗಳಿಗೆ ಸಂಡೂರಿನ ಸಂಬಂಧ ಬಂದಿತ್ತು. ಹುಡುಗನ ತಂದೆ, "ಮನಿ ಮುಗೀಲಿ, ನೋಡಿ ಮಾತು ಕೊಡ್ತೀನಿ" ಅಂದಿದ್ದರಂತೆ. ನಕ್ಷೆ ಬರೆದ ಓವರ್ಸಿಯರರು ಬಳ್ಳಾರಿಯಿಂದ ವಾರಕ್ಕೊಮ್ಮೆ ಬರುವವರು. ಉಳಿದ ದಿನ ನಕ್ಷೆಯಂತೆ ಕೆಲಸ ನಡೆಸಲು ಓದು ಬಲ್ಲವನೊಬ್ಬ ಬೇಕಾಗಿತ್ತು. ತಲೆಗೆ ರುಮಾಲು ಸುತ್ತಿ ಸುಮ್ಮನೆ ನಿಂತಿದ್ದ ನಾನು ಅವರಿಗೆ ಹಾಗೆ ಕಂಡೆ. ಅಲ್ಲ ಎನ್ನಲು ನನಗೂ ಬಾಯಿ ಬರಲಿಲ್ಲ.

ನಕ್ಷೆ ಬಿಚ್ಚಿ, ಸುಣ್ಣದ ಪುಡಿಯಲ್ಲಿ ಗೆರೆ ಹಾಕಿಸಿದೆ. ಸಾಹುಕಾರರ ಹೆಂಡತಿ ತಲೆಬಾಗಿಲ ಪೂಜೆಗೆ ಅರಿಶಿನ ಕುಂಕುಮ ಹಿಡಿದು ಬಂದರು. ಬೀದಿಯ ಕಡೆ ಬಚ್ಚಲಿತ್ತು, ತಲೆಬಾಗಿಲು ಹಿತ್ತಿಲಿಗೆ ಹೋಗಿತ್ತು. ನಕ್ಷೆಯನ್ನು ತಲೆಕೆಳಗೆ ಹಿಡಿದಿದ್ದೆ.

"ಬೀಗರು ಬಂದ್ರ ಬಚ್ಚಲದಾಗ ಹಾದು ಬರ್ಬೇಕೇನಪ್ಪ?" ಅಂದರು.

ನಕ್ಷೆ ಮಡಚುತ್ತ, "ಹೆಂಗೂ ಕಾಲು ತೊಳ್ಕೊಂಡ ಬರ್ತಾರಲ್ರೀ ಅಮ್ಮ" ಅಂದುಬಿಟ್ಟೆ.

ವದ್ದು

ಓವರ್ಸಿಯರರದು ತೆಲುಗು. ಗೋಡೆ ಕಟ್ಟುವವರು ಹೊಳೆಯಾಚೆಯವರು, ತೆಲುಗಿನ ಗಾಳಿಯೂ ತಾಗದವರು. ನಡುವೆ ನಾನು, ಎರಡೂ ಬರುತ್ತದೆಂದು ಹೇಳಿಕೊಂಡವನು.

ಹಸಿ ಗೋಡೆಯ ಮೇಲೆ ಒಬ್ಬ ಗಾರೆಯ ಬುಟ್ಟಿ ಇಡಲು ಹೋದ. ಓವರ್ಸಿಯರರು ದೂರದಿಂದಲೇ ಕೈ ಬೀಸಿ "ವದ್ದು, ವದ್ದು" ಅಂದರು. ಬೇಡ, ಇಡಬೇಡ ಎಂದು.

"ಏನಂತಾರ್ರಿ?" ಎಂದು ಅವನು ನನ್ನನ್ನು ಕೇಳಿದ.

"ಒದ್ದು ಕೆಡವು ಅಂತಾರಪ್ಪ" ಅಂದೆ.

ಅವನು ಒದ್ದ. ಗೋಡೆ ಮಲಗಿತು. ಓವರ್ಸಿಯರರು ತಲೆಯ ಮೇಲೆ ಕೈ ಹೊತ್ತು, "ಅಯ್ಯಯ್ಯೋ, ವದ್ದು" ಎಂದು ಓಡಿ ಬಂದರು. ಅವಸರ ಇದೆಯೆಂದು ತಿಳಿದು ಉಳಿದವರು ಪಕ್ಕದ ಗೋಡೆಗೂ ಕಾಲು ಕೊಟ್ಟರು.

ಸಾಹುಕಾರರು ಬಂದು ಬೈದಾಗ ಅವನೇ ಸಮಾಧಾನ ಹೇಳಿದ: "ನಾವೇನ್ ಸಿಟ್ಟಿಲೆ ಒದ್ದಿಲ್ರೀ ಸಾವ್ಕಾರ್ರ, ಮರ್ಯಾದಿ ಕೊಟ್ಟು ಒದ್ದೀವಿ."

ಬೀಗರು ಮಹಡಿ ಏರಿದ್ದು

ಕೊನೆಕೊನೆಗೆ ಓವರ್ಸಿಯರರು ಜ್ವರ ಹಿಡಿದು ಬಳ್ಳಾರಿಯಲ್ಲೇ ಮಲಗಿದರು. ಮಹಡಿಯ ಕೆಲಸವೆಲ್ಲ ನನ್ನೊಬ್ಬನ ಮೇಲೆ ಬಿತ್ತು. ನಾವೆಲ್ಲ ಗೋಡೆಗೆ ಕಟ್ಟಿದ ಬಿದಿರಿನ ಸಾರವೆ ಹತ್ತಿ ಇಳಿಯುತ್ತಿದ್ದೆವು. "ಮೆಟ್ಟಲ ಯಾವಾಗಲೇ?" ಎಂದು ಸಾಹುಕಾರರು ಕೇಳಿದಾಗಲೆಲ್ಲ, "ಕಡೀಕ ಬರ್ತಾವ್ರಿ" ಅನ್ನುತ್ತಿದ್ದೆ. ನಕ್ಷೆಯಲ್ಲಿ ಮೆಟ್ಟಿಲು ನನಗೆ ಎಲ್ಲೂ ಕಂಡಿರಲಿಲ್ಲ. ಒಂದು ಮೂಲೆಯಲ್ಲಿ ಒತ್ತೊತ್ತಾಗಿ ಅಡ್ಡಗೆರೆಗಳಿದ್ದವು. ಬರೆದವರು ಲೇಖನಿ ಸರಿಯಿದೆಯೇ ಎಂದು ಗೀಚಿ ನೋಡಿದ್ದಾರೆ ಅಂದುಕೊಂಡಿದ್ದೆ.

ನಿನ್ನೆ ಸಂಡೂರಿನ ಬೀಗರು ಬಂದರು, ದಪ್ಪ ಆಳು. ಸಾರವೆ ಹಿಡಿದು ಏದುಸಿರು ಬಿಡುತ್ತ ಮೇಲೆ ಹತ್ತಿ, "ಗಾಳಿ ಮಸ್ತ್ ಅದ" ಅಂದರು. ಅಷ್ಟರಲ್ಲಿ ಮಲಪನಗುಡಿಯ ಗಾಡಿ ಬಂತು. ಅಲ್ಲಿಯ ಚಪ್ಪರಕ್ಕೆ ಬಿದಿರನ್ನು ನಿನ್ನೆಯೇ ಕೊಡುವುದೆಂದು ಮೊದಲೇ ಮಾತಾಗಿತ್ತು. ನಾನೇ ನಿಂತು ಸಾರವೆ ಬಿಚ್ಚಿಸಿ, ಹೇರಿಸಿ ಕಳಿಸಿದೆ.

"ಇಳಿಯೋದು ಯಾ ಕಡೆ?" ಎಂದು ಮೇಲಿಂದ ದನಿ ಬಂತು.

ಎಲ್ಲರೂ ನನ್ನ ಕಡೆ ನೋಡಿದರು. ನಕ್ಷೆ ಬಿಚ್ಚಿದೆ. ಆ ಮೂಲೆಯ ಗೆರೆಗಳು ಏನೆಂದು ಆಗ ತಿಳಿಯಿತು. ಬಾಗಿಲ ಹಿಂದೆ ಮದುವೆಯ ಹುಡುಗಿ ಬಾಯಿಗೆ ಸೆರಗು ಒತ್ತಿ ನಿಂತಿದ್ದಳು. ಅಳುತ್ತಿದ್ದಳೋ ನಗುತ್ತಿದ್ದಳೋ, ತಲೆಯೆತ್ತಿ ನೋಡುವ ಧೈರ್ಯವಾಗಲಿಲ್ಲ. ಸಂಬಂಧ ನನ್ನಿಂದಲೇ ಮುರಿಯಿತು ಅಂದುಕೊಂಡೆ.

ಸಾಹುಕಾರರು ಮಾತ್ರ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತರು. "ಬೀಗರ, ಮಾತು ಯಾವಾಗ ಕೊಡ್ತೀರಿ?"

"ಮೊದಲು ಏಣಿ ತರಸ್ರಿ."

"ಏಣಿ ಗಿರಣ್ಯಾಗ ಅದ. ಮಾತು ನಿಮ್ಮ ಹತ್ರ ಅದ."

ಬಿಸಿಲು ಏರುತ್ತಿತ್ತು. ಬೀಗರು ಕಾದ ನೆಲದ ಮೇಲೆ ಒಂದು ಕಾಲೆತ್ತಿ ಇನ್ನೊಂದು ಊರುತ್ತ ಸ್ವಲ್ಪ ಹೊತ್ತು ನಿಂತರು. "ಆತು ತಗೋರಿ, ಹುಡುಗಿ ನಮ್ಮಾಕಿ."

ಏಣಿ ಬಂತು. ಸಾಹುಕಾರರು ನನ್ನ ಬೆನ್ನು ತಟ್ಟಿ, "ಬೇಕಂತಲೇ ಮಾಡ್ಯಾನ, ನಮ್ಮ ಮೇಸ್ತ್ರಿ ಭಾಳ ಬೆರಕಿ" ಎಂದು ಎಲ್ಲರಿಗೂ ಹೇಳಿದರು. ಎರಡೇಟು ಹೊಡೆದಿದ್ದರೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ಇಳಿದ ಬೀಗರು ನೇರ ನನ್ನ ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟರು.

"ನಮ್ಮೂರಾಗ ಒಂದು ಬಾವಿ ಕಟ್ಟಸೋದದ. ಅದನ್ನೂ ನೀನ ಮೆಟ್ಟಲ ಇಲ್ದಂಗ ಕಟ್ಟು. ಮುಗದ ದಿನ ಹಗ್ಗ ಬಿಟ್ಟು ಮೊದಲು ನಿನ್ನ ಇಳಸ್ತೀವಿ. ಆಮ್ಯಾಲ ಹಗ್ಗ ನಮಗ ಬೇಕಾಗ್ತದ."

ನಗಲಿಲ್ಲ ಅವರು. ಇಂದು ಬೆಳಿಗ್ಗೆ ಅವರ ಗಾಡಿ ನನ್ನನ್ನು ಕರೆದೊಯ್ಯಲು ಬಂದು ಮುಂಬಾಗಿಲಲ್ಲಿ ನಿಂತಿದೆ. ನಾನು ಹಿತ್ತಿಲಲ್ಲಿ ಕೂತು ಎರಡು ಧೋತ್ರ, ಗೋಡೆ ನೇರ ನೋಡುವ ಒಂದು ತೂಗುಗುಂಡು ಗಂಟು ಕಟ್ಟುತ್ತಿದ್ದೇನೆ. ಹಿತ್ತಿಲಿಂದಲೇ ಸ್ಟೇಷನ್ನಿಗೆ ದಾರಿಯಿದೆ, ಗುಂತಕಲ್ಲಿಗೆ ಹೋಗುವ ರೈಲು ಬರುವ ಹೊತ್ತಾಯಿತು.