ನಾಲ್ಕು ಮಡಿಕೆಯ ಚೀಟಿ

ಗುಂಡುಸೂಜಿ ಚುಚ್ಚಿದಾಗಲೇ ಗಂಟುಮೋರೆಯವರು ಎಚ್ಚೆತ್ತುಕೊಂಡಿದ್ದರೆ ಈ ಕತೆ ಇಷ್ಟು ದೂರ ಬರುತ್ತಲೇ ಇರಲಿಲ್ಲ.

ಕೊಡೆ ಕಾರ್ಖಾನೆಯ ಉಗ್ರಾಣ ನೋಡಿಕೊಳ್ಳುವ ಅವರಿಗೆ ಆ ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಮುಖ ನೋಡಿದವರು ಯಾರು ಬೇಕಾದರೂ ಇಟ್ಟಿರಬಹುದು. ಚರ್ಚಿನ ಪುರುಷರ ಕೂಟದಲ್ಲಿ ಇಂಥ ಮೋರೆಗಳು ಹೆಚ್ಚುತ್ತಿದ್ದದ್ದನ್ನು ಕಂಡು ಪಾಸ್ಟರು ಒಂದು ಉಪಾಯ ಹೂಡಿದ್ದರು. ಗಂಡಸರು ಕಷ್ಟವನ್ನು ಬಾಯಿಬಿಟ್ಟು ಹೇಳುವುದಿಲ್ಲ, ಒಳಗೊಳಗೇ ಬೇಯುತ್ತಾರೆ. ಆದ್ದರಿಂದ ಮನಸ್ಸಿನ ಭಾರವನ್ನು ಚೀಟಿಯಲ್ಲಿ ಬರೆದು, ಹೆಸರು ಹಾಕದೆ, ನಾಲ್ಕಾಗಿ ಮಡಿಸಿ ಚರ್ಚಿನ ಬಾಗಿಲಲ್ಲಿಟ್ಟ ತಗಡಿನ ಡಬ್ಬಿಗೆ ಹಾಕಬೇಕು. ಗುರುವಾರ ಸಂಜೆ ಕೂಟದಲ್ಲಿ ಅದನ್ನೆಲ್ಲ ಯಾರೂ ಓದದೆ, ದೇವರ ಕೈಗೊಪ್ಪಿಸಿ, ಒಲೆಗೆ ಹಾಕುವುದು. ಭಾರ ಇಳಿದರೆ ಆನಂದ ತಾನಾಗಿ ಮೇಲೆ ಬರುತ್ತದೆ ಎಂಬುದು ಪಾಸ್ಟರ ನಂಬಿಕೆ.

ಆ ಗುರುವಾರ ಬೆಳಿಗ್ಗೆ ಗಂಟುಮೋರೆಯವರು ಪ್ರಾಮಾಣಿಕವಾಗಿ ಮೂರು ಭಾರ ಬರೆದರು. ಒಂದು, ಮ್ಯಾನೇಜರು, ಅವರ ದನಿ ಕೇಳಿದರೇ ಕೊಡೆ ಕಡ್ಡಿಗಳ ಎಣಿಕೆ ತಪ್ಪುತ್ತದೆ. ಎರಡು, ಎಂಟು ತಿಂಗಳಿಂದ ತಮ್ಮ ಕುರ್ಚಿ ಬಿಟ್ಟೇಳದ ಭಾವಮೈದ. ಮೂರು, ಪಾಸ್ಟರು ಭಾನುವಾರ ಮಾಡುವ ಪ್ರಸಂಗ, ಕೇಳಲು ಬಹಳ ಉದ್ದ. ಕೊನೆಗೆ, 'ಮುಂಚೆ ಸ್ನಾನ ಮಾಡುವಾಗ ಸಿಳ್ಳೆ ಹಾಕುತ್ತಿದ್ದೆ. ಮೂರು ವರ್ಷವಾಯಿತು, ಬರುತ್ತಿಲ್ಲ' ಎಂದು ಬರೆದು ಕಣ್ಣೊರೆಸಿಕೊಂಡರು.

ಅದೇ ಬೆಳಿಗ್ಗೆ ಇನ್ನೊಂದು ಕಾಗದವೂ ಸಿದ್ಧವಾಯಿತು. ಐದು ದಿನದ ರಜೆಯ ಅರ್ಜಿ. ಮರುದಿನ ಬೆಳಿಗ್ಗೆ ಆರರ ಬಸ್ಸಿಗೆ ಹೆಂಡತಿಯ ಜೊತೆ ಸಮುದ್ರ ನೋಡಲು ಹೋಗುವುದು, ಇಬ್ಬರೇ. ಮೂರು ವರ್ಷದಲ್ಲಿ ಇದೇ ಮೊದಲು. ಉಗ್ರಾಣದ ಹಳೆಯ ಹಸಿರು ಚೀಟಿಗಳ ಹಿಂಬದಿಯಲ್ಲೇ ಸಕಲವನ್ನೂ ಬರೆಯುವ ಅವರ ಜಿಪುಣತನದಿಂದ ನಾಲ್ಕಾಗಿ ಮಡಿಸಿದ ಎರಡೂ ಅವಳಿಜವಳಿಯಂತಿದ್ದವು. ಅರ್ಜಿ ಬಿಚ್ಚಿಕೊಳ್ಳದಿರಲಿ ಎಂದು ಹೆಂಡತಿ ಅದಕ್ಕೊಂದು ಗುಂಡುಸೂಜಿ ಚುಚ್ಚಿದ್ದಳು, ಅಷ್ಟೇ ವ್ಯತ್ಯಾಸ.

ದಾರಿಯಲ್ಲಿ ಡಬ್ಬಿಗೆ ಒಂದನ್ನು ಹಾಕುವಾಗ ಬೆರಳಿಗೆ ಚುರ್ ಎಂದಿತು. ತಗಡು ತಾಗಿತೆಂದುಕೊಂಡು ಬೆರಳು ಚೀಪುತ್ತ ಕಾರ್ಖಾನೆಗೆ ಹೋಗಿ, ಇನ್ನೊಂದನ್ನು ಮ್ಯಾನೇಜರ ಮೇಜಿನ ಟ್ರೇಯಲ್ಲಿಟ್ಟರು. ಮ್ಯಾನೇಜರು ಕೋಣೆಗೆ ಬೀಗ ಜಡಿದು ಹೊರಗೆ ಹೋದರು, ಬರುವುದು ನಾಲ್ಕಕ್ಕೆ. ಹತ್ತು ಗಂಟೆಗೆ, ಕೊಡೆ ಕಡ್ಡಿ ಎಣಿಸುತ್ತಿದ್ದ ಗಂಟುಮೋರೆಯವರು ಬೆರಳ ತುದಿಯ ಕೆಂಪು ಚುಕ್ಕೆ ನೋಡಿ ಎಣಿಕೆ ಮರೆತರು. ಸೂಜಿ ಇದ್ದದ್ದು ಅರ್ಜಿಗೆ. ಹಾಗಾದರೆ ಮೇಜಿನ ಮೇಲಿರುವುದು?

ಕೋಣೆಯ ಕಿಟಕಿ ತೆರೆದಿತ್ತು, ಸರಳುಗಳಾಚೆ ಟ್ರೇ ಕಾಣುತ್ತಿತ್ತು. ಉಗ್ರಾಣದಲ್ಲಿ ಕೊಡೆಗಳಿಗೇನು ಬರವೇ? ಕೊಕ್ಕೆ ಹಿಡಿಯ ಉದ್ದದ ಕೊಡೆಯೊಂದನ್ನು ತಂದು, ತುದಿ ಹಿಡಿದುಕೊಂಡು ಕೊಕ್ಕೆಯನ್ನು ಒಳಗೆ ತೂರಿಸಿದರು. ಕೊಕ್ಕೆ ಟ್ರೇಗೆ ಸಿಕ್ಕಿತು. ಎಳೆಯುವಾಗ ಕೊಡೆ ಬಿಚ್ಚುವ ಗುಂಡಿ ಮೇಜಿನ ಅಂಚಿಗೆ ತಾಗಿತು. ಕೊಡೆ ಒಳಗಡೆ ಭರ್ರನೆ ಅರಳಿ ಕಿಟಕಿ ಪೂರಾ ಮುಚ್ಚಿಬಿಟ್ಟಿತು. ಇನ್ನು ಅದು ಹೊರಕ್ಕೂ ಬಾರದು, ಬಿಟ್ಟರೆ ಟ್ರೇಯ ಸಮೇತ ಕೆಳಕ್ಕೆ ಬೀಳುತ್ತದೆ. ಅವರು ಹಿಡಿದುಕೊಂಡೇ ನಿಂತರು.

ಜನ ಸೇರಲು ಎಷ್ಟು ಹೊತ್ತು? ಟೈಪಿಸ್ಟ್ ಅಕ್ಕ ನೀರು ತಂದುಕೊಟ್ಟರು. ಹಾಜರಿ ಗುಮಾಸ್ತ ಪುರುಷರ ಕೂಟದವನೇ. ಬೆನ್ನು ಸವರಿ, ಸಂತೋಷ ಹೊರಗೆ ಹುಡುಕಿದರೆ ಸಿಗುವುದಿಲ್ಲ, ಒಳಗೇ ಇದೆ ಎಂದು ಧೈರ್ಯ ಹೇಳಿದ. ಒಳಗಿರುವುದು ಏನೆಂದು ಗಂಟುಮೋರೆಯವರಿಗೆ ಚೆನ್ನಾಗಿ ಗೊತ್ತಿತ್ತು. ಊಟ ಬಿಟ್ಟು, ಕೈ ಜೋಮು ಹಿಡಿದು, ನಾಲ್ಕರವರೆಗೆ ಹಾಗೇ ನಿಂತರು.

ಬಂದ ಮ್ಯಾನೇಜರು ಬೀಗ ತೆಗೆದು ಕೊಡೆಯನ್ನು ಮಡಚಿಟ್ಟು, ಅವರನ್ನು ಎದುರಿಗೆ ನಿಲ್ಲಿಸಿಕೊಂಡು ಕಾಲು ಗಂಟೆ ಬೈದರು. ಗಂಟುಮೋರೆಯವರು ತಮ್ಮ ಚಪ್ಪಲಿ ನೋಡುತ್ತ ನಿಂತರು. ಬೈಗುಳ ಮುಗಿದು ಟೈಪಿಸ್ಟ್ ಅಕ್ಕ ಟ್ರೇ ಹೊತ್ತು ಹೊರಬಂದದ್ದೇ ತಡ, ತಮ್ಮ ಹಸಿರು ಚೀಟಿಯನ್ನು ಎಳೆದು, ನೋಡದೆ ಜೇಬಿಗೆ ತುರುಕಿಕೊಂಡು ಚರ್ಚಿನ ಕಡೆ ಓಡಿದರು. ಅರ್ಜಿಯನ್ನು ಡಬ್ಬಿಯಿಂದ ತೆಗೆದು ಮ್ಯಾನೇಜರ ಮನೆಗೇ ಹೋಗಿ ಸಹಿ ಹಾಕಿಸಿದರಾಯಿತು, ಬಸ್ಸು ತಪ್ಪುವುದಿಲ್ಲ.

ಅಲ್ಲಿ ಒಲೆ ಹೊತ್ತಿತ್ತು. ಪಾಸ್ಟರು ಡಬ್ಬಿ ಎತ್ತಿ ಹಿಡಿದಿದ್ದರು. ಗಂಟುಮೋರೆಯವರು ಹಾರಿ ಡಬ್ಬಿಗೆ ಕೈ ಹಾಕಿದರು.

"ನನ್ನದೊಂದು ವಾಪಸ್ ಬೇಕು ಅಯ್ಯ, ದಯವಿಟ್ಟು."

"ನೋಡಿದ್ರಾ?" ಪಾಸ್ಟರು ಕೂಟದ ಕಡೆ ತಿರುಗಿದರು. "ಇದೇ ನಮ್ಮ ಗಂಡಸರ ರೋಗ. ಇಳಿಸಿದ ಭಾರಾನ ಮತ್ತೆ ಎತ್ಕೊಳ್ಳೋದು. ಬಿಡಿ ತಮ್ಮಾ, ಬಿಟ್ಟುಬಿಡಿ."

ರಜೆ, ಸೂಜಿ, ಸಮುದ್ರ ಎಂದು ಅವರು ಒದರುತ್ತಿದ್ದರೂ ಆರು ಜನ ಪ್ರೀತಿಯಿಂದ ಅಮುಕಿ ಹಿಡಿದು ಜೋರಾಗಿ ಪ್ರಾರ್ಥನೆ ಮಾಡಿದರು. ಅರ್ಜಿ ಉರಿಯಿತು. ಗುಂಡುಸೂಜಿಯೊಂದು ಕೆಂಡದಲ್ಲಿ ಹೊಳೆಯಿತು.

ಹೋದದ್ದು ಹೋಯಿತು. ಜೇಬಿನಲ್ಲಿದ್ದ ಇನ್ನೊಂದು ಚೀಟಿಯನ್ನಾದರೂ ಯಾಕೆ ಹೊತ್ತು ತಿರುಗಬೇಕೆಂದು ಗಂಟುಮೋರೆಯವರು ಅದನ್ನೂ ಒಲೆಗೆಸೆದರು. ಮ್ಯಾನೇಜರು, ಭಾವಮೈದ, ಪ್ರಸಂಗ, ಎಲ್ಲ ಒಂದು ಹಿಡಿ ಬೂದಿ. ಆಗ ಎದೆಯಲ್ಲಿ ಏನೋ ಸಡಿಲವಾಯಿತು. ಅರ್ಜಿ ಹೋದರೇನು, ಹೊಸದು ಬರೆದರಾಯಿತು, ಮ್ಯಾನೇಜರೂ ಮನುಷ್ಯರೇ ಎನ್ನಿಸಿತು. ನಿಜವಾಗಿ ಹಗುರಾದರು. ಮೂರು ವರ್ಷಗಳ ನಂತರ ತುಟಿ ತಾನಾಗಿ ಗುಂಡಗಾಗಿ ಸಣ್ಣಗೆ ಸಿಳ್ಳೆ ಹೊರಟಿತು. ಕೂಟ ಬೆರಗಾಗಿ ನೋಡಿತು.

ಅಷ್ಟರಲ್ಲಿ ಹಾಜರಿ ಗುಮಾಸ್ತ ಏದುಸಿರು ಬಿಡುತ್ತ ಬಂದ.

"ಅಣ್ಣಾ, ರಜೆ ಕಾಗದ ಕೊಡಿ, ಪುಸ್ತಕಕ್ಕೆ ಹಚ್ತೀನಿ. ನೀವೇ ಟ್ರೇಯಿಂದ ತಗೊಂಡು ಹೋದ್ರಂತಲ್ಲ, ಅಕ್ಕ ಹೇಳಿದ್ರು."

"ಅದಕ್ಕೆ ಸಹಿ ಎಲ್ಲಾಗಿದೆ?"

"ಆಗದೆ ಏನು? ನಿಮ್ಮನ್ನ ಬೈತಾ ಬೈತಾನೇ ಎಲ್ಲದರ ಮೇಲೂ 'ಮಂಜೂರು' ಅಂತ ಗೀಚಿದ್ರು. ಸಾಹೇಬ್ರು ಯಾವತ್ತು ಮಡಿಕೆ ಬಿಚ್ಚಿ ಓದಿದಾರೆ? ಬೇಗ ಕೊಡಿ. ಅವರು ಈಗಷ್ಟೇ ರೈಲು ಹತ್ತಿದ್ರು, ಇನ್ನು ಬರೋದು ಮುಂದಿನ ಗುರುವಾರ. ಸಹಿ ಇಲ್ಲದೆ ಹೋದ್ರೆ ಕೆಲಸಕ್ಕೇ ಕುತ್ತು."

ಗಂಟುಮೋರೆಯವರು ಒಲೆಯ ಕಡೆ ನೋಡಿದರು. ಗುಮಾಸ್ತನೂ ನೋಡಿದ. ಮನೆಯಲ್ಲಿ ಹೆಂಡತಿ ಚೀಲ ಕಟ್ಟಿಟ್ಟು ಕಾಯುತ್ತಿದ್ದಳು.

ಪಾಸ್ಟರು ಮೆಲ್ಲಗೆ ಹತ್ತಿರ ಬಂದು ಅವರ ಭುಜದ ಮೇಲೆ ಕೈಯಿಟ್ಟರು.

"ಸಮುದ್ರ ನೋಡೋಕೆ ಹೋಗೋದಿಲ್ಲ ಅಂತಾಯ್ತಲ್ಲ ತಮ್ಮಾ, ದೇವರು ದೊಡ್ಡವನು. ನಾಳೆಯಿಂದ ಐದು ದಿನ, ದಿನಾ ಸಂಜೆ, ಆನಂದದ ಮೇಲೆ ನನ್ನ ಪ್ರಸಂಗ ಇದೆ. ನಿಮ್ಮ ಮುಖ ನೋಡಿದ್ರೆ ನನಗೂ ಹುರುಪು ಬರುತ್ತೆ. ಮುಂದಿನ ಸಾಲಲ್ಲೇ ಕೂತ್ಕೊಳ್ಳಿ. ಸ್ವಲ್ಪ ಉದ್ದ ಇದೆ."

ಗಂಟುಮೋರೆಯವರ ತುಟಿ ಸಿಳ್ಳೆಯ ಆಕಾರದಲ್ಲೇ ನಿಂತುಬಿಟ್ಟಿತು.